ಒಂಟಿ ತಾಯಿಯ ಮನೆಯಲ್ಲಿ ಬೆಳೆದ ಗಂಡುಮಕ್ಕಳು ದುಡಿಮೆಯಲ್ಲಿ ಹಿಂದೆ ಬೀಳುತ್ತಾರೆಯೇ?

ತಾಯಿಯೊಬ್ಬಳೇ ಸಾಕಿದ ಮನೆಯಲ್ಲಿ ಮಗಳು ಓದಿ ಮುಂದೆ ಬರುತ್ತಾಳೆ, ಮಗ ಹಾದಿ ತಪ್ಪುತ್ತಾನೆ ಎನ್ನುವ ಮಾತಿಗೆ ಆಧಾರವಿದೆಯೇ ಎಂದು ಕೇಳಿದ್ದೀರಿ. ಸ್ವಲ್ಪಮಟ್ಟಿಗೆ ಇದೆ. ಆದರೆ ಅದನ್ನೇ ಹಿಡಿದುಕೊಂಡು ತಾಯಿಯ ಮೇಲೆ ತಪ್ಪು ಹೊರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅರ್ಥಶಾಸ್ತ್ರದ ಪಾಠ ಹೇಳುವವಳು ನಾನು. ತರಗತಿಯಲ್ಲಿ ಈ ಅಂಕಿಅಂಶಗಳನ್ನು ಬಿಡಿಸಿ ನೋಡಿದಾಗಲೆಲ್ಲ ಅವು ಬೇರೆಯದನ್ನೇ ಹೇಳುತ್ತವೆ.

ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಹುಟ್ಟಿದವರ ತೆರಿಗೆ ದಾಖಲೆಗಳನ್ನು ಪರಿಶೀಲಿಸಿ, 30ನೇ ವಯಸ್ಸಿಗೆ ಯಾರು ಉದ್ಯೋಗದಲ್ಲಿದ್ದಾರೆ ಎಂದು ನೋಡಿದರು. ಇಡೀ ದೇಶವನ್ನು ತೆಗೆದುಕೊಂಡರೆ ದುಡಿಯುವ ಗಂಡಸರ ಪ್ರಮಾಣವೇ ಹೆಚ್ಚು. ತೀರಾ ಬಡ ಕುಟುಂಬಗಳಲ್ಲಿ ಬೆಳೆದವರಲ್ಲಿ ಮಾತ್ರ ಇದು ತಿರುಗುಮುರುಗು: ಅಲ್ಲಿ ಹೆಂಗಸರಿಗಿಂತ ಗಂಡಸರೇ ಕಡಿಮೆ ಪ್ರಮಾಣದಲ್ಲಿ ಕೆಲಸದಲ್ಲಿದ್ದರು. ಒಬ್ಬರೇ ಪೋಷಕರಿದ್ದ ಬಡಮನೆಗಳಲ್ಲಿ ಈ ಅಂತರ ಇನ್ನೂ ಎದ್ದು ಕಾಣುತ್ತದೆ.

ಇದಕ್ಕೆ ಮನೆ ಕಾರಣವೋ, ಹುಟ್ಟು ಕಾರಣವೋ? ನನಗೆ ಹೆಚ್ಚು ಮನವರಿಕೆಯಾದದ್ದು ಡೇವಿಡ್ ಆಟರ್ ಮತ್ತಿತರರು ಫ್ಲಾರಿಡಾದ ಜನನ ದಾಖಲೆಗಳನ್ನು ಶಾಲಾ ದಾಖಲೆಗಳಿಗೆ ಜೋಡಿಸಿ ಮಾಡಿದ ಕೆಲಸ. ಅವರು ಒಂದೇ ತಾಯಿಯ ಮಕ್ಕಳನ್ನು, ಅಂದರೆ ಅಣ್ಣನನ್ನೂ ತಂಗಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಕುಟುಂಬದ ಕಷ್ಟ ಹೆಚ್ಚಿದಷ್ಟೂ ಹಾಜರಿಯಲ್ಲಿ, ನಡತೆಯಲ್ಲಿ, ಅಂಕಗಳಲ್ಲಿ ಅಣ್ಣ ತಂಗಿಗಿಂತ ಹಿಂದೆ ಉಳಿಯುತ್ತಾ ಹೋಗುತ್ತಾನೆ. ಹುಟ್ಟಿದಾಗಿನ ಆರೋಗ್ಯದಲ್ಲಿ ಮಾತ್ರ ಇಂಥ ನಂಟು ಇರಲಿಲ್ಲ. ಹಾಗಾದರೆ ಬಿರುಕು ಬೀಳುವುದು ಹುಟ್ಟಿದ ಮೇಲೆ. ಮರಿಯಾನ್ ಬರ್ಟ್ರಾಂಡ್ ಮತ್ತು ಜೆಸಿಕಾ ಪ್ಯಾನ್ 2013ರಲ್ಲಿ ತೋರಿಸಿದ್ದೂ ಹತ್ತಿರದ್ದೇ: ಪೋಷಕರ ಒಡನಾಟ, ಅಕ್ಕರೆ ಕಡಿಮೆಯಾದಾಗ ಹುಡುಗಿಯರ ನಡವಳಿಕೆ ಅಷ್ಟಾಗಿ ಕದಲುವುದಿಲ್ಲ, ಹುಡುಗರದು ಕದಲುತ್ತದೆ. ಬಾಡಿಗೆ ಕಟ್ಟಲು ಎರಡೆರಡು ಕಡೆ ದುಡಿಯುವ ತಾಯಿಗೆ ಕೊರತೆಯಾಗುವುದು ಪ್ರೀತಿಯಲ್ಲ, ಮಗನ ಪಕ್ಕ ಕೂರುವ ಆ ಸಂಜೆಯ ಒಂದು ಗಂಟೆ.

ಇನ್ನೊಂದು ಎಳೆಯನ್ನು ಜನ ಮರೆಯುತ್ತಾರೆ. ಮಗುವಿನ ಲಿಂಗವೇ ಕುಟುಂಬದ ರೂಪವನ್ನು ಬದಲಿಸಬಲ್ಲದು, ಹಾಗಾಗಿ ಒಂಟಿ ತಾಯಿಯ ಮನೆಗಳನ್ನು ಉಳಿದ ಮನೆಗಳ ಜೊತೆ ನೇರವಾಗಿ ಹೋಲಿಸಲಾಗದು. ಮೊದಲ ಮಗು ಹೆಣ್ಣಾದ ಕುಟುಂಬಗಳಲ್ಲಿ ತಂದೆ ಜೊತೆಗಿಲ್ಲದಿರುವ ಸಾಧ್ಯತೆ ಅಮೆರಿಕದಲ್ಲಿ ತುಸು ಹೆಚ್ಚು ಎಂದು ಡಾಲ್ ಮತ್ತು ಮೊರೆಟ್ಟಿ 2008ರಲ್ಲಿ ತೋರಿಸಿದರು. ನೆದರ್ಲೆಂಡ್ಸ್‌ನ ದಾಖಲೆಗಳಲ್ಲಿ ಹೆಣ್ಣುಮಕ್ಕಳ ಪೋಷಕರ ವಿಚ್ಛೇದನ ಹೆಚ್ಚುವುದು ಮಗಳ ಹದಿಹರೆಯದಲ್ಲಿ ಮಾತ್ರ. ಅದಕ್ಕೆ ಮೊದಲು ವ್ಯತ್ಯಾಸವೇ ಇಲ್ಲ.

ನೆರೆಹೊರೆಯನ್ನೂ ಬಿಡಬೇಡಿ. ಒಂಟಿ ಪೋಷಕರ ಕುಟುಂಬಗಳು ಹೆಚ್ಚಿರುವ ಪ್ರದೇಶಗಳಲ್ಲಿ ತಂದೆತಾಯಿ ಇಬ್ಬರೂ ಜೊತೆಗಿರುವ ಮಕ್ಕಳು ಕೂಡ ಬಡತನದಿಂದ ಮೇಲೇರುವುದು ಕಡಿಮೆ ಎಂದು ಚೆಟ್ಟಿ ತಂಡವೇ 2014ರಲ್ಲಿ ಹೇಳಿದೆ. ಇದನ್ನು ಒಬ್ಬ ತಾಯಿಯ ಸೋಲು ಎನ್ನುವುದು ಹೇಗೆ?

ಮಗಳ ವಿಷಯದಲ್ಲಿ ನಿಶ್ಚಿಂತರಾಗಿರಬಹುದು ಎಂದುಕೊಳ್ಳುವುದೂ ಸರಿಯಲ್ಲ. ಚೆಟ್ಟಿ ತಂಡದ ಉದ್ಯೋಗದ ಲೆಕ್ಕ ಮೂವತ್ತರ ವಯಸ್ಸಿಗೆ ನಿಲ್ಲುತ್ತದೆ. ಡೆನ್ಮಾರ್ಕ್‌ನ ದಾಖಲೆಗಳ ಪ್ರಕಾರ ಮೊದಲ ಮಗುವಾದ ಮೇಲೆ ತಾಯಂದಿರ ಗಳಿಕೆ ತಂದೆಯರದಕ್ಕೆ ಹೋಲಿಸಿದರೆ ಸುಮಾರು ಶೇ. 20ರಷ್ಟು ಕುಸಿಯುತ್ತದೆ, ವರ್ಷಗಳು ಕಳೆದರೂ ಚೇತರಿಸಿಕೊಳ್ಳುವುದಿಲ್ಲ. ತಂದೆಯರ ಗಳಿಕೆಗೆ ಅಂಥ ಪೆಟ್ಟೇ ಬೀಳುವುದಿಲ್ಲ.