ಕಡಲೆಕಾಯಿ ರೈತನ 19 ವರ್ಷ

ಬಸವನಗುಡಿಯ ಓದುಗರೊಬ್ಬರು ಕೇಳಿದ್ದಾರೆ: “ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದ ಜೋ ಬ್ಯೆಲ್ಕಿ-ಪೀಟರ್ಸನ್ 19 ವರ್ಷ ರಾಜ್ಯ ಆಳಿದರಂತೆ. ನಮ್ಮ ವಿಧಾನಸೌಧಕ್ಕೆ ಇಂಥ ಅಪ್ಪಟ ರೈತರು ಬರುವುದು ಯಾವಾಗ?”

ಸ್ವಾಮಿ, ಕಡಲೆಕಾಯಿ ಪರಿಷೆಯ ಬಡಾವಣೆಯವರಾದ ನಿಮಗೆ ಆ ಮನುಷ್ಯ ಹಿಡಿಸಿದ್ದು ಸಹಜವೇ. ಬೇಸಾಯದಲ್ಲಿ ಆತ ಗಟ್ಟಿಗ. ಎರಡು ಬುಲ್ಡೋಜರುಗಳ ನಡುವೆ ಹಡಗಿನ ಲಂಗರಿನ ಸರಪಳಿ ಕಟ್ಟಿ, ಎರಡನ್ನೂ ಜೊತೆಜೊತೆಗೆ ಓಡಿಸಿ ಕುರುಚಲು ಕಾಡನ್ನು ಮಲಗಿಸುವ ವಿದ್ಯೆಯನ್ನು ಬಳಕೆಗೆ ತಂದವರಲ್ಲೊಬ್ಬರು. ಸರಪಳಿ ಎಳೆದಲ್ಲಿಗೆ ಕೆಲಸ ಮುಗಿಯದು. ಬಿದ್ದದ್ದು ಒಣಗಿದ ಮೇಲೆ ಸುಡಬೇಕು. ಅಲ್ಲಿನ ಬ್ರಿಗಲೋ, ನಮ್ಮ ಜಾಲಿಯ ನೆಂಟ, ಬೇರಿಗೆ ಪೆಟ್ಟು ಬಿದ್ದಷ್ಟೂ ಚಿಗುರುತ್ತದೆ. ಮತ್ತೆ ಉಳಬೇಕು, ಇಲ್ಲವೇ ಔಷಧಿ ಹೊಡೆಯಬೇಕು.

ಇಷ್ಟು ಒಪ್ಪಿದೆ. ಆದರೆ 1947ರಲ್ಲಿ ಹಳ್ಳಿಗಾಡಿನವರ ಪಕ್ಷವಾದ ಕಂಟ್ರಿ ಪಾರ್ಟಿಯಿಂದ ಗೆದ್ದು 1968ರಲ್ಲಿ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದಂತೆ) ಆದ ಜೋ ಅವರ ಕುರ್ಚಿ ಕಾದದ್ದರಲ್ಲಿ ಕ್ಷೇತ್ರಗಳ ನಕ್ಷೆಯ ಪಾಲು ದೊಡ್ಡದು. ರಾಜ್ಯವನ್ನು ವಲಯಗಳಾಗಿ ಒಡೆದು, ದೂರದ ಹಳ್ಳಿಗಾಡಿನ ಕ್ಷೇತ್ರಕ್ಕೆ ಕಡಿಮೆ ಮತದಾರರು, ರಾಜಧಾನಿ ಬ್ರಿಸ್ಬೇನಿನದಕ್ಕೆ ಹೆಚ್ಚು. 1949ರಲ್ಲಿ ಈ ಅಂಗಿ ಹೊಲಿದದ್ದು ಎದುರಾಳಿ ಲೇಬರ್ ಪಕ್ಷವೇ (ಅದಕ್ಕೆ ಯಾರೂ ಸಾಚಾ ಅಲ್ಲ ಅನ್ನುವುದು). ಜೋ ತಮ್ಮ ಅಳತೆಗೆ ತಿದ್ದಿಸಿಕೊಂಡರು. 1972ರ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಶೇ. 20ರಷ್ಟು ಮತ, ಒಟ್ಟು 82 ಸ್ಥಾನಗಳಲ್ಲಿ 26. ಮಿತ್ರಪಕ್ಷ ಲಿಬರಲ್‌ಗೆ ಶೇ. 22, ಸ್ಥಾನ 21. ಹೆಚ್ಚು ಮತ ತಂದವರು ತಮ್ಮ, ಕಡಿಮೆ ತಂದವರು ಅಣ್ಣ! 1977ರಲ್ಲಿ ಬೀದಿ ಮೆರವಣಿಗೆಗೆ ತಡೆ. ಫಿಟ್ಜ್‌ಜೆರಾಲ್ಡ್ ಎಂಬವರ ನೇತೃತ್ವದ ತನಿಖಾ ವಿಚಾರಣೆ ಪೊಲೀಸರ ಭ್ರಷ್ಟಾಚಾರವನ್ನು ಬಿಚ್ಚತೊಡಗಿದಾಗ ಸ್ವಪಕ್ಷದವರೇ ಕೈಬಿಟ್ಟರು. 1987ರ ಡಿಸೆಂಬರ್ 1ರಂದು ರಾಜೀನಾಮೆ.

ನೀವು ಅಭ್ಯರ್ಥಿಯ ಹೆಗಲಿನ ಹಸಿರು ಶಾಲು ನೋಡುತ್ತೀರಿ, ನಕ್ಷೆ ಬಿಡಿಸಿ ನೋಡುವುದಿಲ್ಲ. 2025ರವರೆಗೆ ಇದ್ದ ನಮ್ಮ ಬಿಬಿಎಂಪಿಯನ್ನೇ ನೋಡಿ. ವಾರ್ಡು 198 ಇದ್ದದ್ದು 243 ಆಯಿತು, ಆಮೇಲೆ 225. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ಗೆರೆ ಎಳೆದದ್ದೇ ಎಳೆದದ್ದು, ಮತಪೆಟ್ಟಿಗೆ ಮಾತ್ರ ವರ್ಷಗಟ್ಟಲೆ ಹೊರಬರಲಿಲ್ಲ. ವಾರ್ಡು ಗಡಿಗಳ ಕರಡು ಪ್ರಕಟವಾದಾಗ “ನಮ್ಮ ವಾರ್ಡಿಗೆ ಅನ್ಯಾಯ” ಎಂದಷ್ಟೇ ಗೀಚಿದ ಆಕ್ಷೇಪಣೆ ಕಡತದಲ್ಲೇ ಮಲಗುತ್ತದೆ. ಜನಗಣತಿಯ ಪ್ರಕಾರ ನಿಮ್ಮ ವಾರ್ಡಿನ ಜನಸಂಖ್ಯೆ ಎಷ್ಟು, ಸರಾಸರಿಗಿಂತ ಎಷ್ಟು ಹೆಚ್ಚು ಕಡಿಮೆ, ಗಡಿಯನ್ನು ಯಾವ ರಸ್ತೆಯಿಂದ ಯಾವ ರಸ್ತೆಗೆ ಸರಿಸಬೇಕು ಎಂದು ಬರೆದು, ಕೊನೆಯ ದಿನಾಂಕದೊಳಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪ್ರತಿಯೊಂದನ್ನು ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.

— ಸಂಪಾದಕ