ಕೆಮಿಸ್ಟ್ರಿಯ ಭಯ, ಕಮರ್ಷಿಯಲ್ ಪ್ರಾಕ್ಟೀಸ್‌ನ ಆಸೆ

ಓದುಗರ ಪತ್ರ: ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದಿದ್ದಾಳೆ. ಪಾಲಿಟೆಕ್ನಿಕ್‌ನಲ್ಲಿ ಕಮರ್ಷಿಯಲ್ ಪ್ರಾಕ್ಟೀಸ್ ಓದುವ ಆಸೆ ಅವಳದು. ನೆಂಟರು ‘ಇಷ್ಟು ಅಂಕ ಬಂದವಳಿಗೆ ಟೈಪಿಂಗ್ ಕಲಿಸುವುದೇ, ಸೈನ್ಸ್ ಕೊಡಿಸಿ’ ಎನ್ನುತ್ತಾರೆ. ಅವಳಿಗೆ ಕೆಮಿಸ್ಟ್ರಿ ಎಂದರೆ ಭಯ. ಏನು ಮಾಡಲಿ? – ತಿಪಟೂರಿನ ಓದುಗರು

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಬೆರೆತುಕೊಂಡಿವೆ. ಮಗಳಿಗೆ ಕಚೇರಿ ಕೆಲಸದ ವಿದ್ಯೆ ನಿಜವಾಗಿ ಇಷ್ಟವೇ ಎಂಬುದು ಒಂದು. ಕೆಮಿಸ್ಟ್ರಿಯಿಂದ ತಪ್ಪಿಸಿಕೊಳ್ಳಲು ಅದನ್ನು ಆರಿಸುತ್ತಿದ್ದಾಳೆಯೇ ಎಂಬುದು ಇನ್ನೊಂದು. ನೆಂಟರ ಮಾತನ್ನು ಬದಿಗಿಟ್ಟು ಇವೆರಡನ್ನು ಬಿಡಿಸಿ ನೋಡಬೇಕೆಂದು ನನಗನ್ನಿಸುತ್ತದೆ.

ಕಮರ್ಷಿಯಲ್ ಪ್ರಾಕ್ಟೀಸ್ ಬರೀ ಟೈಪಿಂಗ್ ಅಲ್ಲ. ಮೂರು ವರ್ಷದ ಈ ಡಿಪ್ಲೊಮಾದಲ್ಲಿ ಬೆರಳಚ್ಚು ಮತ್ತು ಶೀಘ್ರಲಿಪಿಯ ಜೊತೆಗೆ ಲೆಕ್ಕಪತ್ರ, ಕಚೇರಿಯ ಪತ್ರವ್ಯವಹಾರ, ಕಂಪ್ಯೂಟರ್ ಎಲ್ಲವೂ ಇರುತ್ತವೆ. ನಮ್ಮ ಜಿಲ್ಲಾ ನ್ಯಾಯಾಲಯಗಳು ಬೆರಳಚ್ಚುಗಾರರ ಹುದ್ದೆಗೆ ಅರ್ಜಿ ಕರೆಯುವಾಗ ಪಿಯುಸಿ ಅಥವಾ ಈ ಡಿಪ್ಲೊಮಾ, ಎರಡರಲ್ಲಿ ಯಾವುದಾದರೂ ಆಗಬಹುದೆಂದು ಹೇಳಿ, ಅದರ ಜೊತೆಗೆ ಕನ್ನಡ ಮತ್ತು ಇಂಗ್ಲಿಷ್ ಸೀನಿಯರ್ ಬೆರಳಚ್ಚು ಪರೀಕ್ಷೆ ಪಾಸಾಗಿರಬೇಕೆಂದು ಕೇಳುವುದನ್ನು ನೀವು ಗಮನಿಸಿರಬಹುದು. ಶೀಘ್ರಲಿಪಿಗಾರರಾದರೆ ಸೀನಿಯರ್ ಶೀಘ್ರಲಿಪಿಯೂ ಬೇಕು. ಇದು ಕೀಳು ಕೆಲಸವೆನ್ನುವವರು ಒಮ್ಮೆ ವಿಚಾರಣಾ ನ್ಯಾಯಾಲಯದಲ್ಲಿ ಕುಳಿತು ನೋಡಬೇಕು. ಸಾಕ್ಷಿಯ ಹೇಳಿಕೆ ದಾಖಲಾಗುವಾಗ ‘ಹಣ ಕೊಟ್ಟೆ’ ಎಂಬುದು ‘ಹಣ ಕೊಟ್ಟ’ ಎಂದಾದರೆ, ಒಂದು ಎತ್ವದ ವ್ಯತ್ಯಾಸದಿಂದ ಕೊಟ್ಟವರು ಯಾರೆಂಬುದೇ ಬದಲಾಗಿಬಿಡುತ್ತದೆ. ಮೇಲ್ಮನವಿಯಲ್ಲಿ ಹಿರಿಯ ನ್ಯಾಯಾಧೀಶರು ಓದುವುದು ಆ ಕಾಗದವನ್ನೇ. ಅಷ್ಟು ಎಚ್ಚರ ಬೇಡುವ ವಿದ್ಯೆಗೆ ಒಳ್ಳೆಯ ಅಂಕದ ಹುಡುಗಿ ಹೋದರೆ ಅಂಕ ದಂಡವಾಗುವುದಿಲ್ಲ.

ಪದವಿ ತಪ್ಪಿಹೋದೀತೆಂಬ ಚಿಂತೆ ನಿಮಗಿದ್ದರೆ ಪಿಯುಸಿ ಕಾಮರ್ಸ್ ಇದ್ದೇ ಇದೆ. ಅಲ್ಲಿ ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್ ಓದುತ್ತಲೇ ಸಂಜೆ ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಅದೇ ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಕಟ್ಟಬಹುದು, ಮುಂದೆ ಬಿ.ಕಾಂ., ಸಿ.ಎ. ದಾರಿಗಳೂ ತೆರೆದಿರುತ್ತವೆ.

ಇನ್ನು ಕೆಮಿಸ್ಟ್ರಿಯ ಭಯ. ಇದನ್ನು ನಾನು ಹಗುರವಾಗಿ ಕಾಣಲಾರೆ. ಹತ್ತನೇ ತರಗತಿಯವರೆಗೆ ಆಮ್ಲ, ಪ್ರತ್ಯಾಮ್ಲ, ಲೋಹ, ಇಂಗಾಲದ ಸಂಯುಕ್ತಗಳನ್ನು ಕನ್ನಡದಲ್ಲಿ ಚೆನ್ನಾಗಿಯೇ ಕಲಿತ ಮಕ್ಕಳಿಗೆ ಪ್ರಥಮ ಪಿಯುಸಿಯಲ್ಲಿ ಪಾಠ ಏಕಾಏಕಿ ಇಂಗ್ಲಿಷಿಗೆ ಹೊರಳುತ್ತದೆ, ಮತ್ತು ಮೊದಲನೆಯ ಅಧ್ಯಾಯದಲ್ಲೇ ಕಣಗಳನ್ನು ಎಣಿಸುವ ಮೋಲ್ ಎಂಬ ಅಳತೆ ಎದುರಾಗುತ್ತದೆ. ಒಂದು ಮೋಲ್‌ನಲ್ಲಿ 6.022 × 10²³ ಕಣಗಳು ಎಂದು ಬೋರ್ಡಿನ ಮೇಲೆ ಬರೆದು ಮುಂದಕ್ಕೆ ಹೋದರೆ ಯಾವ ಮಗುವಿಗೂ ದಿಗಿಲಾಗುತ್ತದೆ. ಅದನ್ನೇ ಲ್ಯಾಬಿನಲ್ಲಿ ಕಲಿಸಿದರೆ ವಿಷಯ ಬೇರೆ. ಆಕ್ಸಾಲಿಕ್ ಆಮ್ಲದ ಹರಳುಗಳ ಒಂದು ಮೋಲ್ 126 ಗ್ರಾಂ ತೂಗುತ್ತದೆ. ಅದರಲ್ಲಿ 3.15 ಗ್ರಾಂ ಮಾತ್ರ ತೂಗಿ, ನೀರಿನಲ್ಲಿ ಕರಗಿಸಿ, 250 ಮಿಲಿಲೀಟರ್ ಫ್ಲಾಸ್ಕಿನ ಗೆರೆಯವರೆಗೆ ನೀರು ತುಂಬಿದರೆ 0.1 ಮೋಲಾರ್, ಅಂದರೆ ಲೀಟರಿಗೆ 0.1 ಮೋಲ್ ಇರುವ ದ್ರಾವಣ ಸಿದ್ಧ. ಅದರಿಂದ ಪಿಪೆಟ್‌ನಲ್ಲಿ ಅಳೆದು ತೆಗೆದ ಭಾಗಕ್ಕೆ ಫಿನಾಲ್ಫ್ಥಲೀನ್ ಎಂಬ ಬಣ್ಣ ಬದಲಿಸುವ ಸೂಚಕ ಸೇರಿಸಿ, ಬ್ಯುರೆಟ್‌ನಿಂದ ಸೋಡಿಯಂ ಹೈಡ್ರಾಕ್ಸೈಡ್ ಹನಿಸುತ್ತ ಹೋದರೆ, ಕೊನೆಯ ಒಂದೇ ಹನಿಗೆ ತಿಳಿಗುಲಾಬಿ ಬಣ್ಣ ಬಂದು ನಿಲ್ಲುತ್ತದೆ. ಇದನ್ನು ತನ್ನ ಕೈಯಾರೆ ಮಾಡಿದ ಹುಡುಗಿಗೆ ಮೋಲ್ ಎಂದರೆ ತೂಕದಿಂದ ಕಣಗಳನ್ನು ಎಣಿಸುವ ಲೆಕ್ಕವೆಂದು ತಾನಾಗಿ ಹೊಳೆಯುತ್ತದೆ. ಜಮಾ ಖರ್ಚನ್ನು ತಾಳೆ ಹಾಕುವುದು ಇಷ್ಟವಾದವರಿಗೆ, ಎರಡೂ ಕಡೆ ಪರಮಾಣುಗಳು ಸಮನಾಗಬೇಕಾದ ರಾಸಾಯನಿಕ ಸಮೀಕರಣ ಅಷ್ಟೇನೂ ಅಪರಿಚಿತವಲ್ಲ.

ಆದ್ದರಿಂದ ಪ್ರವೇಶಕ್ಕೆ ಮುಂಚಿನ ಈ ವಾರಗಳಲ್ಲಿ ಪ್ರಥಮ ಪಿಯುಸಿ ಕೆಮಿಸ್ಟ್ರಿಯ ಮೊದಲ ಅಧ್ಯಾಯವನ್ನು, ಗೊತ್ತಿರುವ ಉಪನ್ಯಾಸಕರೊಬ್ಬರ ಬಳಿ ಕನ್ನಡದಲ್ಲೇ ಹೇಳಿಸಿ. ಕೆಲವು ದಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೂ ಕಳಿಸಿ. ಭಯ ಕಳೆದ ಮೇಲೂ ಅವಳ ಮನಸ್ಸು ಕಮರ್ಷಿಯಲ್ ಪ್ರಾಕ್ಟೀಸ್ ಕಡೆಗೇ ಇದ್ದರೆ ದಯವಿಟ್ಟು ತಡೆಯಬೇಡಿ. ಸೈನ್ಸ್ ಓದಿದವರು ಆಮೇಲೆ ಬಿ.ಕಾಂ. ಸೇರಬಹುದು, ಕಾಮರ್ಸ್ ಓದಿದವರು ಬಿ.ಫಾರ್ಮಕ್ಕಾಗಲಿ ಕೃಷಿ ಪದವಿಗಾಗಲಿ ಹೋಗಲಾರರು ಎಂಬುದು ನಿಜ; ಅದನ್ನು ಅವಳಿಗೂ ತಿಳಿಸಿ. ಆದರೆ ಯಾವತ್ತೂ ಬಯಸದ ಬಾಗಿಲನ್ನು ತೆರೆದಿಡಲೆಂದು ಎರಡು ವರ್ಷ ಒಲ್ಲದ ಪಾಠ ಓದಿಸುವುದು ಅನ್ಯಾಯ.

ಈ ಕೋರ್ಸ್ ಎಲ್ಲ ಪಾಲಿಟೆಕ್ನಿಕ್‌ಗಳಲ್ಲಿ ಇಲ್ಲ. ಸರ್ಕಾರಿ ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಮೊದಲು ವಿಚಾರಿಸಿ. ಎಸ್ಸೆಸ್ಸೆಲ್ಸಿ ಅಂಕಗಳ ಮೆರಿಟ್ ಪಟ್ಟಿಯಿಂದ ಸೀಟು ಹಂಚುವುದರಿಂದ ಅರ್ಜಿಯ ಕೊನೆಯ ದಿನ ತಪ್ಪದಿರಲಿ. ಕನ್ನಡ ಶೀಘ್ರಲಿಪಿ ಕಲಿಸುವ ಅಧ್ಯಾಪಕರು ಅಲ್ಲಿ ಈಗ ಇದ್ದಾರೆಯೇ ಎಂಬುದನ್ನು ಶುಲ್ಕ ಕಟ್ಟುವ ಮುಂಚೆಯೇ ಕೇಳಿ ತಿಳಿದುಕೊಳ್ಳಿ.