ಪೋರ್ಟ್ ಕಾರ್ನ್‌ವಾಲಿಸ್ ಏಕೆ ಉಳಿಯಲಿಲ್ಲ?

ಪ್ರಶ್ನೆ: ಅಂಡಮಾನ್ ಎಂದೊಡನೆ ನಮಗೆಲ್ಲ ನೆನಪಾಗುವುದು ಸೆಲ್ಯುಲರ್ ಜೈಲು. ಆದರೆ ಅದಕ್ಕೆ ನೂರು ವರ್ಷ ಮೊದಲೇ ಈಸ್ಟ್ ಇಂಡಿಯಾ ಕಂಪನಿಯವರು ಅಲ್ಲಿ ಕೈದಿಗಳ ವಸಾಹತನ್ನು ಕಟ್ಟಿ, ಕೆಲವೇ ವರ್ಷಗಳಲ್ಲಿ ಬಿಟ್ಟುಬಂದರೆಂದು ಕೇಳಿದ್ದೇನೆ. ದ್ವೀಪವಾಸಿಗಳ ಬಾಣಗಳಿಗೆ ಹೆದರಿ ಓಡಿದರೆಂಬುದು ನಿಜವೇ?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ವಸಾಹತು ಇದ್ದುದು ನಿಜ, ಬಾಣಗಳಿಗೆ ಹೆದರಿ ಓಡಿದರೆಂಬುದು ನಿಜವಲ್ಲ. ತಮ್ಮ ನೆಲದಲ್ಲಿ ಹೇಳದೆ ಕೇಳದೆ ಬಂದಿಳಿದವರನ್ನು ದ್ವೀಪವಾಸಿಗಳು ಎದುರಿಸಿದ್ದು ಸಹಜವೇ ಆಗಿತ್ತು. ಆದರೆ ವಸಾಹತನ್ನು ಮುಗಿಸಿದ್ದು ಜ್ವರ. ಆ ಜ್ವರದ ಬಾಯಿಗೆ ಜನರನ್ನು ಒಯ್ದು ನಿಲ್ಲಿಸಿದ್ದು ಆಳುವವರು ಕೈಗೊಂಡ ಒಂದು ತೀರ್ಮಾನ.

1789ರಲ್ಲಿ ಕಂಪನಿಯ ನೌಕಾಧಿಕಾರಿ ಆರ್ಚಿಬಾಲ್ಡ್ ಬ್ಲೇರ್ ದಕ್ಷಿಣ ಅಂಡಮಾನಿನ ಬಂದರಿನಲ್ಲಿರುವ ಚಾಥಮ್ ದ್ವೀಪದಲ್ಲಿ ಪೋರ್ಟ್ ಕಾರ್ನ್‌ವಾಲಿಸ್ ಎಂಬ ಹೆಸರಿನ ಮೊದಲ ನೆಲೆಯನ್ನು ಹಾಕಿದರು. ಬಂಗಾಳಕೊಲ್ಲಿಯ ಹಡಗುಗಳಿಗೆ ಆಸರೆ, ಒಡೆದ ಹಡಗುಗಳ ಜನರಿಗೆ ರಕ್ಷಣೆ, ಯುದ್ಧಕಾಲಕ್ಕೊಂದು ಬಂದರು, ಇವು ಅದರ ಉದ್ದೇಶಗಳು. ಅಲ್ಲಿ ಕಾಡು ಕಡಿದು ನೆಲ ಹಸನು ಮಾಡುವ ಕೆಲಸ ತಕ್ಕಮಟ್ಟಿಗೆ ಚೆನ್ನಾಗಿಯೇ ಸಾಗಿತ್ತು. ಆದರೆ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸರ ತಮ್ಮ, ನೌಕಾಪಡೆಯ ದಳಪತಿ ವಿಲಿಯಂ ಕಾರ್ನ್‌ವಾಲಿಸರಿಗೆ ಉತ್ತರ ಅಂಡಮಾನಿನ ಪೂರ್ವತೀರದ ವಿಶಾಲವಾದ ಬಂದರು ಯುದ್ಧನೌಕೆಗಳಿಗೆ ಹೆಚ್ಚು ಅನುಕೂಲವೆಂದು ತೋರಿತು. 1792ರಲ್ಲಿ ಇಡೀ ವಸಾಹತನ್ನು, ಆ ಹೆಸರನ್ನೂ ಸೇರಿಸಿ, ಅಲ್ಲಿಗೆ ಸಾಗಿಸಲಾಯಿತು. ಟಿಪ್ಪುವಿನ ಮೇಲಿನ ಯುದ್ಧದಲ್ಲಿ ಕೊಡಗಿನ ಮಾರ್ಗವಾಗಿ ಬ್ರಿಟಿಷ್ ಸೇನಾಪತಿ ಅಬರ್‌ಕ್ರಾಂಬಿಯ ಸೈನ್ಯ ಶ್ರೀರಂಗಪಟ್ಟಣಕ್ಕೆ ಹೋದದ್ದು ಇದೇ ಲಾರ್ಡ್ ಕಾರ್ನ್‌ವಾಲಿಸರ ಕಾಲದಲ್ಲಿ. ಕೊಡಗಿನ ಅರಸ ದೊಡ್ಡವೀರರಾಜೇಂದ್ರರು ನಿಮ್ಮ ವಿರಾಜಪೇಟೆಯನ್ನು ಕಟ್ಟಿಸಿದ್ದೂ 1792ರಲ್ಲೇ.

ಹೊಸ ಜಾಗದಲ್ಲಿ, 1793ರಿಂದ ಕರ್ನಲ್ ಅಲೆಕ್ಸಾಂಡರ್ ಕಿಡ್ಡರ ಆಡಳಿತದಲ್ಲಿ, ಕಾಡು ಕಡಿಯುವ ದುಡಿಮೆ ಬಂಗಾಳದಿಂದ ತಂದ ಕೈದಿಗಳ ಹೆಗಲಿಗೆ ಬಿತ್ತು. ಮಳೆಗಾಲದಲ್ಲಿ ಹೊಸದಾಗಿ ಕಾಡು ಬಯಲು ಮಾಡುವ ಕಷ್ಟವನ್ನು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ಆದರೆ ಅಂಡಮಾನಿಗೆ ಮುಂಗಾರು, ಹಿಂಗಾರು ಎರಡೂ ಮಳೆ ಸುರಿಸುತ್ತವೆ. ಜೊತೆಗೆ ತೀರದುದ್ದಕ್ಕೂ ಉಬ್ಬರದ ನೀರು ನಿಲ್ಲುವ ಕಾಂಡ್ಲಾ ಕಾಡಿನ ಜೌಗು. ಆ ದ್ವೀಪಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಅನಾಫಿಲಿಸ್ ಸೊಳ್ಳೆ ಉಪ್ಪು ಬೆರೆತ ನೀರಿನಲ್ಲೇ ಮರಿ ಮಾಡುತ್ತದೆಂದು ಇಪ್ಪತ್ತನೆಯ ಶತಮಾನದ ಸಂಶೋಧನೆ ತೋರಿಸಿದೆ. ಮರಗಳನ್ನು ಕಡಿದು ಇಂಥ ಜೌಗಿಗೆ ಬಿಸಿಲು ಬೀಳುವಂತೆ ಮಾಡಿದರೆ ಆ ಸೊಳ್ಳೆಗೆ ಇನ್ನಷ್ಟು ಅನುಕೂಲ. ಮಲೇರಿಯಾದಲ್ಲಿ ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. ಅದಕ್ಕೆ ನೂರು ವರ್ಷ ಹಿಂದೆ ಎಲ್ಲರೂ ದೂರುತ್ತಿದ್ದುದು ಕೆಟ್ಟ ಗಾಳಿಯನ್ನು.

ಸಾವುಗಳು ಹೆಚ್ಚುತ್ತ ಹೋದವು. ಉಣ್ಣುವ ಅನ್ನಕ್ಕೂ ಬಂಗಾಳದ ಹಡಗನ್ನು ಕಾಯಬೇಕಾಗಿದ್ದ ನೆಲೆಯದು. 1793ರಲ್ಲಿ ಫ್ರಾನ್ಸಿನೊಡನೆ ಯುದ್ಧ ಆರಂಭವಾದ ಮೇಲೆ ಸರಕು ಸಾಗಣೆಯೂ ಭಾರವಾಯಿತು. ಕೊನೆಗೆ 1796ರಲ್ಲಿ ಸರ್ ಜಾನ್ ಶೋರ್ ಗವರ್ನರ್ ಜನರಲ್ ಆಗಿದ್ದಾಗ, ರೋಗ, ಸಾವು ಮತ್ತು ಖರ್ಚಿನ ಕಾರಣದಿಂದ ವಸಾಹತನ್ನು ಮುಚ್ಚಲಾಯಿತು. ಆಗ ಅಲ್ಲಿದ್ದ ಸುಮಾರು 550 ಮಂದಿ ಸ್ವತಂತ್ರ ಬಂಗಾಳಿಗಳು ತಾಯ್ನಾಡಿಗೆ ಮರಳಿದರು. ಆದರೆ ಸುಮಾರು 270 ಕೈದಿಗಳನ್ನು ಮಲಯ ತೀರದ ಪಿನಾಂಗ್ ದ್ವೀಪಕ್ಕೆ ಸಾಗಿಸಲಾಯಿತು. ಈ ಕಥೆಯಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಇದೇ: ರೋಗದಿಂದ ಬದುಕುಳಿದವರಿಗೂ ಬಿಡುಗಡೆ ಇರಲಿಲ್ಲ, ಅವರ ದುಡಿಮೆ ಇನ್ನೊಂದು ದ್ವೀಪಕ್ಕೆ ವರ್ಗವಾಯಿತಷ್ಟೆ.

ಬಂದರಿನ ಆಯ್ಕೆ ಹಡಗುಗಳ ದೃಷ್ಟಿಯಿಂದ ತಪ್ಪಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1824ರಲ್ಲಿ ಬರ್ಮಾ ಯುದ್ಧಕ್ಕೆ ಹೊರಟ ನೌಕಾಪಡೆ ಒಟ್ಟುಗೂಡಿದ್ದು ಅಲ್ಲಿಯೇ. ಜನ ವರ್ಷವಿಡೀ ಬದುಕಬೇಕಾದ ಜಾಗವನ್ನು ಹಡಗುಗಳ ಅನುಕೂಲವೊಂದನ್ನೇ ನೋಡಿ ಆರಿಸಿದ್ದು ತಪ್ಪು. 1857ರ ದಂಗೆಯ ನಂತರ ಮತ್ತೆ ಕೈದಿಗಳ ನೆಲೆಗೆ ಜಾಗ ಹುಡುಕಲು ಹೋದ ಡಾ. ಮೌಟರ ಸಮಿತಿ ಉತ್ತರದ ಬಂದರನ್ನು ಬಿಟ್ಟು, ಬ್ಲೇರರ ಹಳೆಯ ಬಂದರನ್ನೇ ಆರಿಸಿತು. ಅದಕ್ಕೆ ಪೋರ್ಟ್ ಬ್ಲೇರ್ ಎಂಬ ಹೆಸರು ಬಂದದ್ದು ಆಗಲೇ. ಅಲ್ಲಿಯೂ 1858ರ ಮಾರ್ಚಿನಲ್ಲಿ ಬಂದಿಳಿದ ಕೈದಿಗಳಲ್ಲಿ ಹಲವರು ಕಾಯಿಲೆಯಿಂದ ಸತ್ತರು, ಆದರೂ ನೆಲೆ ಉಳಿಯಿತು. ನೀವು ಹೇಳಿದ ಸೆಲ್ಯುಲರ್ ಜೈಲು 1906ರ ಹೊತ್ತಿಗೆ ಕಟ್ಟಿ ಮುಗಿದದ್ದು ಈ ಬಂದರಿನಲ್ಲಿ, 1796ರಲ್ಲಿ ಬಿಟ್ಟುಬಂದ ಉತ್ತರದ ತೀರದಲ್ಲಿ ಅಲ್ಲ.